ಒಂದು ಹಳೆಯದೋ, ಎರಡು ಹೊಸದೋ, ಪೂರ್ತಿ ಹೊಸದೋ: ಫೋರ್ ವೀಲ್ ಪಿಕಪ್‌ನ ಟೈರ್ ಲೆಕ್ಕ

ಫೋರ್ ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡು, ಅದರ ಫೋರ್ ವೀಲನ್ನು ನಿಜವಾಗಿಯೂ ಬಳಸುವವರು ಟೈರುಗಳನ್ನು ಒಟ್ಟಿಗೇ ಬದಲಿಸುವುದು ಲೇಸು. ಖರ್ಚು ಉಳಿಸಲು ಇರುವ ಬೇರೆ ಎರಡು ದಾರಿಗಳನ್ನೂ ನಾನು ನನ್ನ ಗಾಡಿಯಲ್ಲೇ ಹಾಕಿ ನೋಡಿದ್ದೇನೆ. ಅವೆರಡೂ ಪೂರ್ತಿ ಕೆಲಸಕ್ಕೆ ಬಾರದವು ಎಂದಲ್ಲ. ನನ್ನ ದಾರಿಗೆ, ನನ್ನ ಓಡಾಟಕ್ಕೆ ಅವು ಹೊಂದಲಿಲ್ಲ.

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟ. ಗೊಬ್ಬರದ ಚೀಲ, ಮೆಣಸಿನ ಮೂಟೆ, ಔಷಧಿ ಹೊಡೆಯುವ ಡ್ರಮ್ಮು ಎಲ್ಲವನ್ನೂ ಹೊರುವುದು ಒಂದೇ ಡಬಲ್ ಕ್ಯಾಬ್ ಪಿಕಪ್. ಟೈರಿನ ಅಳತೆ 245/70 ಆರ್16. ಕಡಿದ ಮರದ ಬೊಡ್ಡೆಯೊಂದು ಹಿಂದಿನ ಎಡಗಡೆಯ ಟೈರಿನ ಪಕ್ಕೆಯನ್ನು ಸೀಳಿತು. ಪಕ್ಕೆ ಸೀಳಿದ ಟೈರಿಗೆ ಪ್ಯಾಚ್ ಹಾಕಿ ಓಡಿಸುವಂತಿಲ್ಲ. ಉಳಿದ ಮೂರರಲ್ಲಿ, ಹೊಸದಿದ್ದಾಗ ಸುಮಾರು 10 ಮಿಲಿಮೀಟರ್ ಇದ್ದ ಗ್ರಿಪ್ಪು ಸವೆದು 4ಕ್ಕೆ ಇಳಿದಿತ್ತು. ಕಾನೂನಿನ ಮಿತಿ 1.6 ಮಿಲಿಮೀಟರ್ ಆದ್ದರಿಂದ ಅವುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಸ್ಟೆಪ್ನಿಯೋ, ಗಾಡಿ ಕೊಂಡಾಗ ಬಂದದ್ದು. ಬೇರೆ ಗ್ರಿಪ್ಪಿನ ರಸ್ತೆ ಟೈರು. ಅದು ಗಾಡಿಯನ್ನು ಮನೆ ಮುಟ್ಟಿಸಿತು, ಅಷ್ಟೇ.

ಒಂದೇ ಒಂದು ಹೊಸ ಟೈರು ಹಾಕುವ ಯೋಚನೆಯನ್ನು ಮೊದಲೇ ಕೈಬಿಟ್ಟೆ. ಒಂದೇ ಆಕ್ಸಲ್‌ನ ಎಡಬಲಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಆದರೆ, ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತಿರಬೇಕಾಗುತ್ತದೆ.

ಹಾಸನದಲ್ಲಿರುವ ನನ್ನ ಭಾವ ಸೂಚಿಸಿದ್ದು ಸೆಕೆಂಡ್ ಹ್ಯಾಂಡ್ ಟೈರು. ಹೊಸ ಗಾಡಿ ಕೊಂಡ ತಕ್ಷಣ ದೊಡ್ಡ ಟೈರು ಹಾಕಿಸಿಕೊಳ್ಳುವ ಹುಡುಗರಿಂದಾಗಿ ಇಂಥವು ಸಿಗುತ್ತವೆ. ನನ್ನ ಟೈರಿನದೇ ಕಂಪನಿ, ಅದೇ ಗ್ರಿಪ್ಪು, 5 ಮಿಲಿಮೀಟರ್ ಉಳಿದಿದ್ದ ಒಂದು ಟೈರು ಮೂರೂವರೆ ಸಾವಿರಕ್ಕೆ ಸಿಕ್ಕಿತು. ಫೋರ್ ವೀಲ್‌ನ ದೃಷ್ಟಿಯಿಂದ ನೋಡಿದರೆ ಇದಕ್ಕೆ ಹೆಸರಿಡುವಂತಿರಲಿಲ್ಲ. ನಾಲ್ಕೂ ಹೆಚ್ಚುಕಡಿಮೆ ಒಂದೇ ಸುತ್ತಳತೆಯವಾದ್ದರಿಂದ ಗೇರು ಹಾಕಿದಾಗಲೂ ತೆಗೆದಾಗಲೂ ತಕರಾರಿರಲಿಲ್ಲ. ಆದರೆ ಪಕ್ಕೆಯ ಮೇಲಿನ ನಾಲ್ಕಂಕಿಯಲ್ಲಿ 3817 ಎಂದಿತ್ತು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಎಂದರೆ 2017ರ ಸೆಪ್ಟೆಂಬರಿನಲ್ಲಿ ತಯಾರಾದ ಟೈರು. ಗ್ರಿಪ್ಪಿನ ಸಂದುಗಳ ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬಿರುಕುಗಳಿದ್ದವು, ಉಗುರು ಒತ್ತಿದರೆ ರಬ್ಬರು ಸ್ವಲ್ಪವೂ ತಗ್ಗುತ್ತಿರಲಿಲ್ಲ. ಬೇಸಿಗೆಯಲ್ಲಿ ಓಡಿಸಿದೆ. ಮಳೆ ಹಿಡಿದ ಮೇಲೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ಅದರ ಮೇಲೆ ನಂಬಿಕೆ ಇಡಲು ಆಗಲಿಲ್ಲ.

ಹೀಗಾಗಿ ಎರಡು ಹೊಸ ಟೈರು ತಂದೆ. ಕಂಪನಿಯೂ ಮಾದರಿಯೂ ಹಳೆಯದೇ. ಒಂದಕ್ಕೆ ಹನ್ನೊಂದೂವರೆ ಸಾವಿರದ ಆಸುಪಾಸು. ನನಗೆ ಅತಿ ಹೆಚ್ಚು ಕಿರಿಕಿರಿ ಕೊಟ್ಟದ್ದು ಈ ಜೋಡಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮ್ಮಲ್ಲಿ ಓಡುವ ವಿ-ಕ್ರಾಸ್, ಹೈಲಕ್ಸ್, ಥಾರ್, ಜಿಮ್ನಿ ಎಲ್ಲವೂ ಬೇಕಾದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವ ಗಾಡಿಗಳು. ನನ್ನದೂ ಆ ಬಗೆಯದೇ. ಇವುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್ ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗೇರು) ಹಾಕಿದ ಕ್ಷಣದಿಂದ, ಆಕ್ಸಲ್‌ಗೆ ಶಕ್ತಿ ಒಯ್ಯುವ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ಹಿಂದಿನದೂ ಒಂದಕ್ಕೊಂದು ಬೀಗ ಹಾಕಿದಂತೆ ಒಂದೇ ವೇಗದಲ್ಲಿ ತಿರುಗುತ್ತವೆ. ನನ್ನ ಅಳತೆಯ ಹೊಸ ಟೈರಿನ ವ್ಯಾಸ ಲೆಕ್ಕದ ಪ್ರಕಾರ 749 ಮಿಲಿಮೀಟರ್. ಗ್ರಿಪ್ಪು 6 ಮಿಲಿಮೀಟರ್ ಸವೆದರೆ ವ್ಯಾಸ 12 ಮಿಲಿಮೀಟರ್ ಇಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಂತರವಾದರೂ, ಒಂದು ಕಿಲೋಮೀಟರಿಗೆ ಹೊಸ ಚಕ್ರ ಸುಮಾರು 425 ಸುತ್ತು ತಿರುಗಿದರೆ ಸವೆದದ್ದು 432 ಸುತ್ತು ತಿರುಗಬೇಕಾಗುತ್ತದೆ. ಆಕ್ಸಲ್‌ನ ಅನುಪಾತ, ಎಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು ತಿರುಗುವ ಸುತ್ತುಗಳು, ನಾಲ್ಕರ ಸುಮಾರಿಗಿದ್ದರೆ ಶಾಫ್ಟಿನ ಮಟ್ಟದಲ್ಲಿ ಅದು ಕಿಲೋಮೀಟರಿಗೆ 28 ಸುತ್ತುಗಳ ವ್ಯತ್ಯಾಸ. ಕೆಸರಿನಲ್ಲಿ ಟೈರು ಅಷ್ಟಿಷ್ಟು ಜಾರಿ ಈ ವ್ಯತ್ಯಾಸವನ್ನು ಕಳೆದುಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಎಡೆಯಿಲ್ಲದ ಕಾರಣ ಆ ಸುತ್ತುಗಳೆಲ್ಲ ಶಾಫ್ಟು, ಜಾಯಿಂಟು, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬಿಗಿಯಾಗಿ ಕೂರುತ್ತವೆ.

ನಮ್ಮ ತೋಟದ ದಾರಿ ಪೂರ್ತಿ ಕೆಸರಿನದಾಗಿದ್ದರೆ ಈ ತೊಂದರೆ ನನ್ನ ಗಮನಕ್ಕೆ ಬರುತ್ತಿತ್ತೋ ಇಲ್ಲವೋ. ಮಲೆನಾಡಿನ ಬಹುಪಾಲು ತೋಟಗಳ ಹಾಗೆ ಇಲ್ಲಿಯೂ ಕಡಿದಾದ ಏರುಗಳಿಗೆ ಮಾತ್ರ ಕಾಂಕ್ರೀಟ್ ಹಾಕಿ ಉಳಿದದ್ದನ್ನು ಮಣ್ಣಿಗೇ ಬಿಡಲಾಗಿದೆ. ಕೆಸರು, ಆಮೇಲೆ ಕಾಂಕ್ರೀಟ್ ಏರು, ಅದರ ತುದಿಯಲ್ಲೊಂದು ತಿರುವು, ಮತ್ತೆ ಕೆಸರು. ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿದ ಮೇಲೆ ಆ ತಿರುವಿನಲ್ಲಿ ಸ್ಟಿಯರಿಂಗ್ ಭಾರವಾಗುತ್ತಿತ್ತು, ಗಾಡಿ ಮುಗ್ಗರಿಸಿದಂತೆ ಕುಪ್ಪಳಿಸುತ್ತಿತ್ತು. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕೊಡುವ ಟೂ ಎಚ್‌ಗೆ ತಿರುಗಿಸಿದರೆ ಮೀಟರಿನಲ್ಲಿ ಫೋರ್ ವೀಲ್ ದೀಪ ಮಿಣುಕುತ್ತಲೇ ಇರುತ್ತಿತ್ತೇ ಹೊರತು ಆರುತ್ತಿರಲಿಲ್ಲ. ಹಲ್ಲುಗಳ ಮೇಲೆ ಬಿಗಿತ ಕೂತಿರುವಾಗ ಗೇರು ಬಿಡಿಸಿಕೊಳ್ಳುವುದಿಲ್ಲ; ಸ್ಟಿಯರಿಂಗ್ ನೇರ ಮಾಡಿ ಹತ್ತಿಪ್ಪತ್ತು ಅಡಿ ರಿವರ್ಸ್ ಬಂದರೆ ಒಳಗೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಹಿಂದೆ ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ನಿಂತಿರುವಾಗ ಇಳಿಜಾರಿನಲ್ಲಿ ಹಿಂದಕ್ಕೆ ಬರುವುದು ಎಷ್ಟು ಮುಜುಗರದ ಕೆಲಸ ಎಂಬುದು ಆ ದಾರಿ ಬಲ್ಲವರಿಗೆ ಗೊತ್ತು.

ನಾಲ್ಕೂ ಟೈರು ಒಂದೇ ಅಳತೆಯಲ್ಲಿದ್ದರೂ ಗಟ್ಟಿ ನೆಲದ ತಿರುವಿನಲ್ಲಿ ಬಿಗಿತ ಬರುತ್ತದೆ, ನಿಜ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಲ್ಲ. ಆದರೆ ಆಗ ನೇರಕ್ಕೆ ಬಂದ ಮೇಲೆ ಹೊಸದಾಗಿ ಬಿಗಿತ ಸೇರುವುದಿಲ್ಲ, ಇದ್ದದ್ದು ಬೇಗ ಬಿಟ್ಟುಕೊಳ್ಳುತ್ತದೆ. ಜೋಡಿ ಬೇರೆಯಾದಾಗ ನೇರ ದಾರಿಯಲ್ಲೂ ಅದು ಬೆಳೆಯುತ್ತಾ ಹೋಗುತ್ತದೆ. ಅದರಲ್ಲೂ ದೊಡ್ಡ ಟೈರು ಹಿಂದೆ ಇದ್ದರೆ ತಿರುವಿನ ಬಿಗಿತವೂ ಅಳತೆಯ ಬಿಗಿತವೂ ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತವೆ. ಹಾಗಾದರೆ ಹೊಸದನ್ನು ಮುಂದೆ ಹಾಕಬಾರದೇಕೆ ಎಂದು ಅದಲುಬದಲು ಮಾಡಿಯೂ ನೋಡಿದೆ. ತೋಟದೊಳಗೆ ತಿರುವಿನ ಕುಪ್ಪಳಿಕೆ ಕಡಿಮೆಯಾಯಿತು. ಡಾಂಬರು ರಸ್ತೆಯಲ್ಲಿ, ಟೂ ಎಚ್‌ನಲ್ಲಿ, ಮಳೆಯಲ್ಲಿ, ಖಾಲಿ ಗಾಡಿಯ ಹಿಂಭಾಗ ಘಾಟಿಯ ತಿರುವಿನಲ್ಲಿ ಪಕ್ಕಕ್ಕೆ ಸರಿಯತೊಡಗಿತು. ಪಿಕಪ್‌ನ ಹಿಂಭಾಗ ಮೊದಲೇ ಹಗುರ; ಸವೆದ ಟೈರು ಅಲ್ಲಿರಬಾರದು. ಮುಂದಿನ ಟೈರು ಜಾರಿದರೆ ಗಾಡಿ ತಿರುಗದೆ ನೇರ ಹೋಗುತ್ತದೆ, ಕಾಲು ತೆಗೆದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ಸುತ್ತಿ ನಿಲ್ಲುತ್ತದೆ. ಟೈರು ಕಂಪನಿಗಳು ಹೊಸ ಜೋಡಿಯನ್ನು ಹಿಂದಕ್ಕೇ ಹಾಕಿ ಎನ್ನುವುದು ಇದೇ ಕಾರಣಕ್ಕೆ. ಹೀಗೆ ಹೆದ್ದಾರಿಯ ಸುರಕ್ಷತೆ ಕೇಳುವುದು ಒಂದು ಜೋಡಣೆಯನ್ನಾದರೆ ತೋಟದ ಫೋರ್ ಎಚ್ ಕೇಳುವುದು ಅದಕ್ಕೆ ವಿರುದ್ಧವಾದದ್ದನ್ನು. ಎರಡು ಟೈರಿನ ದಾರಿಯಲ್ಲಿ ಈ ಗಂಟು ಬಿಡಿಸುವ ಉಪಾಯ ನನಗೆ ಸಿಕ್ಕಿಲ್ಲ.

ಹೊಸ ಟೈರಿನ ಗಾಳಿ ಇಳಿಸಿ ಸರಿದೂಗಿಸಬಹುದು ಎಂದು ಪಂಕ್ಚರ್ ಅಂಗಡಿಯಲ್ಲಿ ಒಬ್ಬರು ಹೇಳಿದ್ದರು. ರೇಡಿಯಲ್ ಟೈರಿನೊಳಗಿನ ಉಕ್ಕಿನ ಪಟ್ಟಿಯ ಉದ್ದ ಗಾಳಿ ಇಳಿಸಿದರೂ ಬದಲಾಗದು. ಸೀಮೆಸುಣ್ಣದಿಂದ ಟೈರಿಗೂ ಅಂಗಳದ ಸಿಮೆಂಟಿಗೂ ಗುರುತು ಹಾಕಿ, ಒಂದು ಪೂರ್ತಿ ಸುತ್ತು ತಳ್ಳಿ, ಟೇಪು ಹಿಡಿದು ಅಳೆದೆ. ಗಾಳಿ ಇಳಿಸುವ ಮೊದಲೂ ನಂತರವೂ ಹಳೆಯದಕ್ಕೂ ಹೊಸದಕ್ಕೂ ಮೂರೂವರೆ ಸೆಂಟಿಮೀಟರಿನ ಆಸುಪಾಸು ಅಂತರ ಹಾಗೆಯೇ ಇತ್ತು. ಅಮೆರಿಕದಲ್ಲಿ ಹೊಸ ಟೈರನ್ನು ಯಂತ್ರದಲ್ಲಿ ಹೆರೆದು ಹಳೆಯದಕ್ಕೆ ಸಮ ಮಾಡಿಕೊಡುವವರಿದ್ದಾರೆ. ನಮ್ಮ ಕಡೆ ಅಂಥ ಅಂಗಡಿ ನಾನು ಕಂಡಿಲ್ಲ. ದುಡ್ಡು ಕೊಟ್ಟು ತಂದ ಗ್ರಿಪ್ಪನ್ನು ಹೆರೆಸುವ ಮನಸ್ಸೂ ನನಗಿಲ್ಲ.

ಕೊನೆಗೆ ಸ್ಟೆಪ್ನಿಯನ್ನೂ ಸೇರಿಸಿ ಐದು ಟೈರುಗಳನ್ನು ಒಂದೇ ಬಿಲ್ಲಿನಲ್ಲಿ ತಂದೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು ಸ್ವಲ್ಪ ಧೈರ್ಯ ಕೊಟ್ಟಿತು. ಹೆಚ್ಚು ಓಡಿರದ ಆ ಹೊಸ ಜೋಡಿಯನ್ನು, ಅದೇ ಅಳತೆಯ ಟೈರಿರುವ ಟೂ ವೀಲ್ ಡ್ರೈವ್ ಗಾಡಿಯವರೊಬ್ಬರು ಒಳ್ಳೆಯ ಬೆಲೆಗೆ ಕೊಂಡರು. ಈಗ ಅದೇ ಕಾಂಕ್ರೀಟ್ ಏರಿನ ತುದಿಯಲ್ಲಿ ತಿರುವು ಮುಗಿಸಿ ನೇರವಾಗುವಷ್ಟರಲ್ಲಿ ದೀಪ ಆರುತ್ತದೆ. ಶಬ್ದ, ಮೈಲೇಜು, ಕುಳಿತವರ ಸುಖ: ಇವುಗಳಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ.

ಐದನೆಯ ಟೈರು ದುಂದು ಎಂದು ಭಾವ ಈಗಲೂ ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಪ್ರತಿ 8,000 ಕಿಲೋಮೀಟರಿಗೆ ಸ್ಟೆಪ್ನಿಯನ್ನೂ ಸೇರಿಸಿ ಜಾಗ ಬದಲಿಸುತ್ತಾ ಬಂದರೆ ಐದೂ ಸಮನಾಗಿ ಸವೆಯುತ್ತವೆ, ಸವೆತ ಐದರಲ್ಲಿ ಹಂಚಿಹೋಗುವುದರಿಂದ ಹೆಚ್ಚು ದಿನ ಬರುತ್ತವೆ, ಮುಂದೊಮ್ಮೆ ಇನ್ನೊಂದು ಬೊಡ್ಡೆ ಪಕ್ಕೆ ಸೀಳಿದರೆ ಸಮನಾದ ಟೈರು ಗಾಡಿಯ ಕೆಳಗೇ ಇರುತ್ತದೆ. ಆಗ ಕೊಳ್ಳಬೇಕಾದದ್ದು ಸ್ಟೆಪ್ನಿಗೊಂದು ಮಾತ್ರ, ಅದಕ್ಕೆ ಸೆಕೆಂಡ್ ಹ್ಯಾಂಡೂ ನಡೆಯುತ್ತದೆ. ಸ್ಟೆಪ್ನಿಗೆ ಕಬ್ಬಿಣದ ರಿಮ್ಮು, ಉಳಿದವಕ್ಕೆ ಅಲಾಯ್ ಇರುವವರು ಎರಡಕ್ಕೂ ಒಂದೇ ನಟ್ಟು ಹೊಂದುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ವರ್ಷದಲ್ಲಿ ಒಂದೆರಡು ಸಲ ಕೆಸರಿನಲ್ಲಿ ಸಿಕ್ಕಿಕೊಂಡಾಗ ಮಾತ್ರ ಫೋರ್ ಎಚ್ ಹಾಕಿ, ಉಳಿದಂತೆ ಡಾಂಬರಿನಲ್ಲೇ ಓಡಿಸುವವರಿಗೆ ಎರಡು ಟೈರಿನ ದಾರಿ ಸಾಕು. ಅದೇ ಕಂಪನಿ, ಅದೇ ಮಾದರಿ ಇರಲಿ, ಹೊಸ ಜೋಡಿ ಹಿಂದಿರಲಿ. 2009ರಿಂದ 2016ರವರೆಗಿನ ಫೋರ್ ವೀಲ್ ಫಾರ್ಚ್ಯೂನರಿನಂತೆ ಸದಾಕಾಲ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯವರಿಗೆ ಈ ಮಾತು ಅನ್ವಯಿಸದು. ಅವುಗಳಲ್ಲಿ ನಡುವಿನ ಡಿಫರೆನ್ಷಿಯಲ್ ಡಾಂಬರಿನ ಮೇಲೂ ಈ ವ್ಯತ್ಯಾಸವನ್ನು ಹೊರುತ್ತಲೇ ಇರಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಕೆಸರು ಕಾಂಕ್ರೀಟು ಎರಡನ್ನೂ ತುಳಿಯುವ ನನ್ನಂಥವರು, ಕೈಯಲ್ಲಿ ಈಗ ಎರಡಕ್ಕಷ್ಟೇ ದುಡ್ಡಿದ್ದರೆ, ಸಮನಾಗಿ ಸವೆದ, ಮೂರು ವರ್ಷದೊಳಗಿನ ಸೆಕೆಂಡ್ ಹ್ಯಾಂಡ್ ಟೈರೊಂದನ್ನು ಹುಡುಕಿ ಹಾಕಿಕೊಂಡು, ಕಾಫಿ ಮಾರಿದ ದುಡ್ಡು ಬಂದ ಮೇಲೆ ಐದನ್ನೂ ಒಟ್ಟಿಗೆ ತರುವುದು ಒಳ್ಳೆಯದು.