ಮೋಟೊಕ್ರಾಸ್ ಬೈಕನ್ನು ಕಾಫಿ ತೋಟದ ಇಕ್ಕಟ್ಟಿನ ದಾರಿಗೆ ಇಳಿಸುವವರ ಗಮನಕ್ಕೆ

ಕಳೆದ ವರ್ಷ ನಾನು 250 ಸಿಸಿಯ ಫೋರ್ ಸ್ಟ್ರೋಕ್ ಮೋಟೊಕ್ರಾಸ್ ಬೈಕೊಂದನ್ನು (ಮಣ್ಣಿನ ಟ್ರ್ಯಾಕಿನ ರೇಸಿಗೆಂದೇ ಕಟ್ಟಿದ್ದು) ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಅದನ್ನು ಕಾಡುದಾರಿಗೆ ತಕ್ಕಂತೆ ಮಾಡಿಕೊಡುತ್ತೇನೆಂದ ಮೆಕ್ಯಾನಿಕ್ ಒಬ್ಬರಿಗೆ ಒಪ್ಪಿಸಿದೆ. ಕೆಲಸ ಮುಗಿದಾಗ ಏನೇನು ಬದಲಿಸಿದಿರಿ ಎಂದು ಕೇಳಿದೆನೇ ಹೊರತು, ಏನನ್ನು ಮುಟ್ಟದೆ ಬಿಟ್ಟಿದ್ದೀರಿ ಎಂದು ಕೇಳಲಿಲ್ಲ. ಎಂಜಿನ್ ಹೆಡ್ಡು (ಸಿಲಿಂಡರಿನ ಮೇಲ್ಮುಚ್ಚಳ) ಹಾಳಾದದ್ದು, ಬಲಗೈಯ ಕಿರುಬೆರಳು ಮುರಿದದ್ದು, ಈ ಎರಡೂ ಆ ಕೇಳದೆ ಉಳಿದ ಪ್ರಶ್ನೆಯಿಂದಲೇ ಆದವು.

ಇಂತಹ ಬೈಕಿಗೆ ನೋಂದಣಿ ಇರುವುದಿಲ್ಲವಾದ್ದರಿಂದ ರಸ್ತೆಗೆ ತರುವಂತಿಲ್ಲ. ಮೀಸಲು ಅರಣ್ಯದ ಮಾತಂತೂ ಎತ್ತುವಂತೆಯೇ ಇಲ್ಲ. ಮೂಡಿಗೆರೆ ಕಡೆಯ ಭಾವನ ತೋಟಕ್ಕೆ ಅದನ್ನು ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿದ್ದೆ. ಸಿಲ್ವರ್ ಓಕ್ ಮರಗಳ ನಡುವೆ ಸುತ್ತಿ ಸುತ್ತಿ ಏರುವ ಕಾಲುದಾರಿ, ಪಕ್ಕದಲ್ಲಿ ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗಳು, ಮಳೆ ಬಿಟ್ಟು ವಾರವೂ ಆಗದ ಕೆಂಪು ಮಣ್ಣು. ಅಲ್ಲಿ ಗಂಟೆಗೆ ಹದಿನೈದು ಕಿಲೋಮೀಟರ್ ದಾಟಿದರೆ ಅದೇ ಹೆಚ್ಚು. ಆದರೆ ಮೋಟೊಕ್ರಾಸ್ ಎಂಜಿನ್ನು ತನ್ನ ಪೂರ್ತಿ ಶಕ್ತಿ ಕೊಡುವುದು ಹನ್ನೆರಡು ಹದಿಮೂರು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ. ಅದರ ರೇಡಿಯೇಟರ್‌ಗೆ ಫ್ಯಾನ್ ಇರುವುದಿಲ್ಲ, ಏಕೆಂದರೆ ಟ್ರ್ಯಾಕಿನಲ್ಲಿ ಗಾಳಿ ಸದಾ ಮುಖಕ್ಕೆ ಬೀಸುತ್ತಿರುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ಕಟ್ಟಿರುತ್ತಾರೆ.

ಮೆಕ್ಯಾನಿಕ್ ಮಾಡಿದ್ದ ಮುಖ್ಯ ಬದಲಾವಣೆ ಗೇರಿಂಗ್‌ನದು. 13/50 ಇದ್ದ ಸ್ಪ್ರಾಕೆಟ್ ಜೋಡಿಯನ್ನು (ಚೈನು ಸುತ್ತುವ ಹಲ್ಲುಚಕ್ರಗಳು, ಮುಂದಿನದಕ್ಕೆ 13 ಹಲ್ಲು, ಹಿಂದಿನದಕ್ಕೆ 50) ತೆಗೆದು 12/52 ಹಾಕಿದ್ದರು. ಒಟ್ಟು ಹಲ್ಲುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಹಳೆಯ ಚೈನೇ ಸಾಕಾಗುತ್ತದೆ, ಖರ್ಚು ಉಳಿಯುತ್ತದೆ. ಅನುಪಾತ ಮಾತ್ರ 3.85ರಿಂದ 4.33ಕ್ಕೆ ಏರುತ್ತದೆ. ಕಾಗದದ ಮೇಲೆ ಇದು ನಿಧಾನದ ಓಟಕ್ಕೆ ಅನುಕೂಲವೇ. ತೋಟದಲ್ಲಿ ಆದದ್ದೇ ಬೇರೆ: ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಕೂದಲೆಳೆಯಷ್ಟು ತಿರುಗಿದರೂ ಬೈಕು ಜಗ್ಗಿ ಮುಂದಕ್ಕೆ ನೆಗೆಯುತ್ತಿತ್ತು, ಬಿಟ್ಟರೆ ಆಫ್ ಆಗುತ್ತಿತ್ತು. ಹಾಗಾಗಿ ಪ್ರತಿ ತಿರುವಿನಲ್ಲೂ ಎರಡನೇ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದೇ ಏರಬೇಕಾಯಿತು. ಈ ಬೈಕುಗಳಲ್ಲಿ ಕ್ಲಚ್ಚಿಗೂ ಎಂಜಿನ್ನಿಗೂ ಸೇರಿ ಒಂದು ಲೀಟರಿನಷ್ಟು ಆಯಿಲ್ ಇದ್ದರೆ ಹೆಚ್ಚು. ಕ್ಲಚ್ಚಿನ ಬಿಸಿಯೆಲ್ಲ ನೇರವಾಗಿ ಆ ಆಯಿಲ್‌ಗೇ ಹೋಗುತ್ತದೆ.

ಇಪ್ಪತ್ತು ನಿಮಿಷ ಕಳೆದಿರಬೇಕು, ಕ್ಲಚ್ ಲಿವರ್ ಕೈಯಲ್ಲಿ ಸಡಿಲವಾಯಿತು. ಪೂರ್ತಿ ಒತ್ತಿದರೂ ಬೈಕು ಮುಂದಕ್ಕೆ ತೆವಳುತ್ತಿತ್ತು. ಪ್ಲೇಟುಗಳು ಕಾದು ಹಿಗ್ಗಿದಾಗ ಕೇಬಲ್ ಕ್ಲಚ್ಚಿನಲ್ಲಿ ಹೀಗೇ ಆಗುತ್ತದೆ. ನಿಲ್ಲಿಸಿ ಆರಲು ಬಿಡಬೇಕೆಂಬುದರ ಮೊದಲ ಸೂಚನೆ ಅದು. ನಾನು ಅಡ್ಜಸ್ಟರ್ ತಿರುಗಿಸಿ ಕೇಬಲ್ ಬಿಗಿಮಾಡಿ ಮುಂದೆ ಹೋದೆ. ಸ್ವಲ್ಪ ಹೊತ್ತಿಗೆ ಕೂಲೆಂಟಿನ ಸಿಹಿ ವಾಸನೆ ಮೂಗಿಗೆ ಬಡಿಯಿತು, ಸಣ್ಣ ಪೈಪಿನಿಂದ ಹಸಿರು ನೀರು ಬುಸುಗುಟ್ಟುತ್ತ ಮೊಣಕಾಲಿನ ಮೇಲೆ ಚಿಮ್ಮಿತು. ಕೆಳಗಿಳಿದು ನೋಡಿದರೆ ರೇಡಿಯೇಟರಿನ ಕಿಂಡಿಗಳಲ್ಲಿ ಕೆಸರು ಇಟ್ಟಿಗೆಯಂತೆ ಒಣಗಿ ಕೂತಿತ್ತು. ಕ್ಯಾಪ್ ತೆರೆಯಲು ಕೈಹಾಕಿದಾಗ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಓಡಿ ಬಂದರು: “ಮುಟ್ಬೇಡಿ ಸಾರ್, ಕುಕ್ಕರ್ ಇದ್ದಂಗೆ ಅದು, ಆರ್ಲಿ.” ಅಂದು ಕೈ ಸುಡದೆ ಉಳಿದದ್ದು ಅವರಿಂದ. ಅರ್ಧ ಗಂಟೆ ಬಿಟ್ಟು ಬಾಟಲಿ ನೀರು ತುಂಬಿ ಮತ್ತೆ ಸ್ಟಾರ್ಟ್ ಮಾಡಿದ್ದು ಮಾತ್ರ ನನ್ನದೇ ಮೂರ್ಖತನ. ಹೆಡ್ ಅಷ್ಟರಲ್ಲೇ ಬಾಗಿ, ಗ್ಯಾಸ್ಕೆಟ್ ಹೋಗಿ, ಸೈಲೆನ್ಸರಿನಿಂದ ಬಿಳಿ ಹೊಗೆ ಬರತೊಡಗಿತ್ತು.

ಬೆರಳು ಮುರಿದದ್ದು ಅದಕ್ಕೂ ಮುಂಚೆ, ಇಳಿಜಾರಿನಲ್ಲಿ. ಸಸ್ಪೆನ್ಷನ್ ಮೆತ್ತಗೆ ಮಾಡಿದ್ದೇನೆ ಎಂದಿದ್ದ ಮೆಕ್ಯಾನಿಕ್ ಕಂಪ್ರೆಷನ್ (ಶಾಕ್ ಕುಗ್ಗುವ ವೇಗ) ಮತ್ತು ರೀಬೌಂಡ್ (ಮತ್ತೆ ಚಾಚುವ ವೇಗ) ಎರಡನ್ನೂ ಹಿಡಿತದಲ್ಲಿಡುವ ಕ್ಲಿಕ್ಕರ್ ತಿರುಪುಗಳನ್ನು ಪೂರ್ತಿ ಬಿಚ್ಚಿಟ್ಟಿದ್ದರು. ರೀಬೌಂಡ್ ಬಿಚ್ಚಿದರೆ ಶಾಕ್ ಮೆತ್ತಗಾಗುವುದಿಲ್ಲ, ಒತ್ತಿದ ಸ್ಪ್ರಿಂಗನ್ನು ಹಿಡಿಯುವವರೇ ಇಲ್ಲದಂತಾಗುತ್ತದೆ. ಒದ್ದೆ ಬೇರೊಂದರ ಮೇಲೆ ಮುಂದಿನ ಚಕ್ರ ಜಾರಿತು, ಹಿಂದಿನ ಚಕ್ರ ಅದೇ ಬೇರಿಗೆ ತಾಗಿ ಕತ್ತೆಯಂತೆ ಒದೆಯಿತು, ಹ್ಯಾಂಡಲ್ಲಿನ ತುದಿ ಸಿಲ್ವರ್ ಓಕ್‌ಗೆ ಅಪ್ಪಳಿಸಿತು. ಹಾಕಿದ್ದ ಹ್ಯಾಂಡ್‌ಗಾರ್ಡ್ ಬರೀ ಪ್ಲಾಸ್ಟಿಕ್ಕಿನದು. ಅದು ಮಡಚಿಕೊಂಡಿತು, ಬೆರಳು ಬ್ರೇಕ್ ಲಿವರಿಗೂ ಮರಕ್ಕೂ ನಡುವೆ ಸಿಕ್ಕಿತು. ಹ್ಯಾಂಡಲ್ಲಿನ ಎರಡೂ ತುದಿಗೆ ಬೋಲ್ಟ್ ಆಗುವ ಅಲ್ಯೂಮಿನಿಯಂ ಪಟ್ಟಿಯ ಗಾರ್ಡ್ ಇದ್ದಿದ್ದರೆ ಪೆಟ್ಟು ಪಟ್ಟಿಗೆ ಬೀಳುತ್ತಿತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಏರು ಹತ್ತಲು ಹೊರಟದ್ದರ ಫಲವನ್ನು ಆಗಲೇ ಹೇಳಿದ್ದೇನೆ.

ಎಂಜಿನ್ ಬಿಚ್ಚಿದ ಇನ್ನೊಬ್ಬ ಮೆಕ್ಯಾನಿಕ್ ಸುಟ್ಟು ನೀಲಿಗಟ್ಟಿದ ಕ್ಲಚ್ ಪ್ಲೇಟುಗಳನ್ನು ಪತ್ರಿಕೆಯ ಮೇಲೆ ಸಾಲಾಗಿ ಹರಡಿ ತೋರಿಸಿದರು. ಜೊತೆಗೆ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಚೈನ್ ಸ್ಲೈಡರೆಂಬ ರಬ್ಬರ್ ಪಟ್ಟಿಯನ್ನೂ. ಮುಂದೆ 12 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಚೈನು ಬಿಗಿ ಕೋನದಲ್ಲಿ ಸುತ್ತಿ ಆ ರಬ್ಬರಿನ ಮೇಲೆ ಉಜ್ಜುತ್ತದೆ. ಅಷ್ಟೇ ಓಟಕ್ಕೆ ಅದರಲ್ಲಿ ಗರಗಸ ಎಳೆದಂತಹ ಗೆರೆ ಬಿದ್ದಿತ್ತು. ಮೊದಲನೆಯವರಿಗೆ ಫೋನ್ ಮಾಡಿದಾಗ, ಓಡಿಸಿದ ರೀತಿ ಸರಿಯಿಲ್ಲ ಎಂದರು. ಅದರಲ್ಲಿ ಅರ್ಧ ಸತ್ಯವಿದೆ.

ಈಗ ಬೈಕಿನಲ್ಲಿ 13/53 ಇದೆ, ಚೈನನ್ನೂ ಬದಲಿಸಿದ್ದೇನೆ. ಜಗ್ಗುವುದನ್ನು ನಿಲ್ಲಿಸಿದ್ದು ಗೇರಿಂಗ್‌ಗಿಂತ ಹೆಚ್ಚಾಗಿ ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಸೇರಿಸಿದ ತೂಕ. ಎಂಜಿನ್ನು ಕೆಳಗಿನ ಆರ್‌ಪಿಎಂನಲ್ಲಿ ಸಾಯದೆ ಎಳೆಯುತ್ತದೆ, ಕ್ಲಚ್ಚಿಗೆ ಕೆಲಸ ಕಡಿಮೆ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಿಸಬೇಕಿತ್ತು. ಕೂಲೆಂಟ್ ಬೇಗ ಕುದಿಯದಂತೆ ರೇಡಿಯೇಟರಿಗೆ ಹೆಚ್ಚು ಒತ್ತಡದ ಕ್ಯಾಪ್ ಹಾಕಿದ್ದೇನೆ. ಫ್ಯಾನ್ ಹಾಕಿಸುವ ಯೋಚನೆಯನ್ನು ಸದ್ಯ ಬಿಟ್ಟಿದ್ದೇನೆ, ಏಕೆಂದರೆ ಈ ಬೈಕಿಗೆ ಕಿಕ್ ಸ್ಟಾರ್ಟರ್ ಇಲ್ಲ, ಸಣ್ಣ ಬ್ಯಾಟರಿಯನ್ನು ಫ್ಯಾನು ಕುಡಿದುಬಿಟ್ಟರೆ ಹಳ್ಳದಲ್ಲಿ ತಳ್ಳಿ ಸ್ಟಾರ್ಟ್ ಮಾಡುವುದು ಆಗದ ಮಾತು.

ಸಸ್ಪೆನ್ಷನ್ನಿನ ನಿಜವಾದ ದೋಷ ಟೇಪು ಹಿಡಿದಾಗ ಗೊತ್ತಾಯಿತು. ನಾನು ಕುಳಿತಾಗ ಹಿಂಭಾಗ ಬೇಕಾದ 105 ಮಿ.ಮೀ. ಇಳಿಯುವಂತೆ ಪ್ರಿಲೋಡ್ (ಸ್ಪ್ರಿಂಗಿಗೆ ಮೊದಲೇ ಕೊಟ್ಟ ಬಿಗಿ) ಸಡಿಲಿಸಿದರೆ, ಯಾರೂ ಕೂರದಿದ್ದಾಗಲೂ ಬೈಕು 50 ಮಿ.ಮೀ. ಇಳಿಯುತ್ತಿತ್ತು, ಅದು 30ರಿಂದ 40ರ ಒಳಗಿರಬೇಕು. ಅಷ್ಟು ಸಡಿಲಿಸಿದರೆ ಮಾತ್ರ ಬಗ್ಗುವ ಸ್ಪ್ರಿಂಗ್ ನನ್ನ ತೂಕಕ್ಕೆ ಗಡುಸು ಎಂದರ್ಥ, ಅದನ್ನು ಯಾವ ಕ್ಲಿಕ್ಕರ್ ಕೂಡ ಸರಿಮಾಡದು. ಮೆತ್ತನೆಯ ಸ್ಪ್ರಿಂಗ್ ಹೊರದೇಶದಿಂದ ತರಿಸಲು ಕೊಟ್ಟಿದ್ದೇನೆ. ಅದು ಬರುವವರೆಗೆ ಬೈಕು ತೋಟದ ಗೋದಾಮಿನಲ್ಲಿ ಕಾಫಿ ಚೀಲಗಳ ಪಕ್ಕ ನಿಂತಿದೆ.