ಹನಿಮೂನ್ ಅವಧಿಯನ್ನೇ ‘ಗುಣವಾಯ್ತು’ ಅಂತ ಮಾರುವವರಿದ್ದಾರೆ, ಹುಷಾರು

ಮನೆಯಲ್ಲಿ ಯಾರಿಗಾದರೂ ಈಚೆಗೆ ಟೈಪ್ ಒನ್ ಡಯಾಬಿಟಿಸ್ ಅಂತ ಗೊತ್ತಾಗಿದೆಯೇ? ‘ನಮ್ಮ ಸ್ಟೆಮ್ ಸೆಲ್ ಟ್ರಯಲ್‌ಗೆ ಸೇರಿ, ಇನ್ಸುಲಿನ್ ಬಿಡಿಸುತ್ತೇವೆ’ ಅನ್ನುವ ಕರೆ ಬಂದಿದೆಯೇ? ಹಾಗಿದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನನ್ನ ತಮ್ಮ ಇಂಥದ್ದಕ್ಕೆ ಸಿಕ್ಕಿ ಐಸಿಯು ಸೇರಿದ್ದ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಕ್ಲಿನಿಕ್‌ನ ಹೆಸರು ಹಾಕುತ್ತಿಲ್ಲ. ದೂರು ವಿಚಾರಣೆಯಲ್ಲಿದೆ, ಮೇಲಾಗಿ ಬೇರೆ ಬೇರೆ ಬೋರ್ಡಿನಡಿ ಇದೇ ದಂಧೆ ನಡೆಸುವವರು ಒಬ್ಬಿಬ್ಬರಲ್ಲ.

ಅವನಿಗೆ ಟೈಪ್ ಒನ್ ಅಂತ ಗೊತ್ತಾಗಿ ಇನ್ಸುಲಿನ್ ಶುರು ಮಾಡಿದ ಮೇಲೆ ಕೆಲವು ವಾರಗಳಲ್ಲೇ ಡೋಸ್ ತಾನಾಗಿ ಇಳಿಯತೊಡಗಿತ್ತು. ಊಟದ ಮುಂಚಿನ ಯೂನಿಟ್ ಅರ್ಧಕ್ಕೆ ಬಂತು, ಒಮ್ಮೊಮ್ಮೆ ಅದೂ ಬೇಡವಾಗುತ್ತಿತ್ತು. ನೋಡುತ್ತಿದ್ದ ಡಾಕ್ಟರು ಆಗಲೇ ಹೇಳಿದ್ದರು: ‘ಇದು ಹನಿಮೂನ್ ಫೇಸ್. ಖುಷಿಪಡಿ, ಆದರೆ ನಂಬಬೇಡಿ.’ ರೋಗನಿರೋಧಕ ವ್ಯವಸ್ಥೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತಾ ಬಂದಿರುತ್ತದೆ. ರೋಗ ಪತ್ತೆಯಾಗುವ ಹೊತ್ತಿಗೂ ಅವು ಪೂರ್ತಿ ಸತ್ತಿರುವುದಿಲ್ಲ, ಏರಿದ ಸಕ್ಕರೆಗೆ ಸಿಕ್ಕಿ ಸುಸ್ತಾಗಿರುತ್ತವೆ. ಹೊರಗಿನಿಂದ ಇನ್ಸುಲಿನ್ ಕೊಟ್ಟಾಗ ಉಳಿದವಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ, ಮತ್ತೆ ಸ್ವಲ್ಪ ಕೆಲಸ ಮಾಡುತ್ತವೆ. ಕೆಲವರಿಗೆ ಇದು ವಾರಗಳು, ಕೆಲವರಿಗೆ ತಿಂಗಳುಗಳು, ಅಪರೂಪಕ್ಕೆ ವರ್ಷ ದಾಟಿಯೂ ಇರುತ್ತದೆ. ಆಮೇಲೆ ಮುಗಿಯುತ್ತದೆ.

ಆ ಕ್ಲಿನಿಕ್‌ನವರು ಹುಡುಕುವುದೇ ಈ ಹಂತದಲ್ಲಿರುವವರನ್ನು. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ‘ಡಯಾಗ್ನೋಸ್ ಆಗಿ ಎಷ್ಟು ದಿನ ಆಯ್ತು?’ ಹತ್ತು ವರ್ಷದ ಹಳೇ ರೋಗಿ ಅಂದಿದ್ದರೆ ಬಹುಶಃ ಕರೆ ಅಲ್ಲಿಗೇ ಮುಗಿಯುತ್ತಿತ್ತು.

ಮಾತು ಮಾತ್ರ ಚೆನ್ನಾಗಿತ್ತು. ಸ್ಲೈಡ್ ಹಾಕಿ ತೋರಿಸಿದರು. 2007ರಲ್ಲಿ ಬ್ರೆಜಿಲ್‌ನ ವೈದ್ಯರು ಹೊಸದಾಗಿ ಟೈಪ್ ಒನ್ ಬಂದ 15 ಜನರಿಗೆ ಅವರದೇ ಆಕರ ಕೋಶ (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಕೊಟ್ಟ ಅಧ್ಯಯನ ಅದರಲ್ಲಿತ್ತು. ಬಹುತೇಕರು ಸ್ವಲ್ಪ ಕಾಲ ಇನ್ಸುಲಿನ್ ಇಲ್ಲದೆ ಇದ್ದದ್ದು ನಿಜ. ಸ್ಲೈಡ್‌ನಲ್ಲಿ ಇಲ್ಲದ್ದೆಂದರೆ, ಅವರಿಗೆ ಮೊದಲು ಭಾರೀ ಪ್ರಮಾಣದ ಸೈಕ್ಲೋಫಾಸ್ಫಮೈಡ್‌ನಂಥ ಔಷಧ ಕೊಟ್ಟು ರೋಗನಿರೋಧಕ ವ್ಯವಸ್ಥೆಯನ್ನೇ ನೆಲಕಚ್ಚಿಸಿದ್ದರು. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ. ‘ಇದರಲ್ಲಿ ಹನಿಮೂನ್ ಎಷ್ಟು, ಚಿಕಿತ್ಸೆ ಎಷ್ಟು?’ ಅನ್ನುವ ಪ್ರಶ್ನೆಯನ್ನು ಆಗಲೇ ತಜ್ಞರು ಎತ್ತಿದ್ದರು. ಈ ಕ್ಲಿನಿಕ್ ಮಾಡಿದ್ದಂತೂ ಅದಲ್ಲವೇ ಅಲ್ಲ: ಹೊಟ್ಟೆಯ ಕೊಬ್ಬನ್ನು ಹೀರಿ, ಏನೋ ಸಂಸ್ಕರಿಸಿ, ಡ್ರಿಪ್ ಹಾಕಿ ಕಳಿಸಿದರು. ಹಾಗೆ ರಕ್ತನಾಳಕ್ಕೆ ಬಿಟ್ಟ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಮೇದೋಜೀರಕ ಗ್ರಂಥಿಗೆ ಹೋಗಿ ಬೀಟಾ ಕೋಶವಾಗಿ ಕೂರುತ್ತವೆ ಅನ್ನುವುದು ಬ್ರೋಷರ್‌ನ ಚಿತ್ರದಲ್ಲಷ್ಟೇ.

ಡ್ರಿಪ್ ಆದ ಮೇಲೆ ಡೋಸ್ ಇನ್ನಷ್ಟು ಇಳಿಯಿತು. ಇಳಿಯಲೇಬೇಕಿತ್ತು, ಅವನು ಹನಿಮೂನ್‌ನ ನಟ್ಟನಡುವೆ ಇದ್ದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಬಿಲ್ ಮಾತ್ರ ಕಾಗೆಯ ಹೆಸರಿನಲ್ಲಿ. ‘ನೋಡಿ, ರೆಸ್ಪಾನ್ಸ್ ಅದ್ಭುತ’ ಅಂತ ಅವನ ಸಿಜಿಎಂ (ಮೈಗೆ ಅಂಟಿಸಿಕೊಂಡು ಸಕ್ಕರೆಯನ್ನು ಸತತ ಅಳೆಯುವ ಸಾಧನ) ಗ್ರಾಫ್ ಇಸಿದುಕೊಂಡು ತಮ್ಮ ಜಾಹೀರಾತಿಗೆ ಹಾಕಿಕೊಂಡರು. ತಿಂಗಳುಗಳು ಕಳೆದು ಸಕ್ಕರೆ ಮತ್ತೆ ಏರತೊಡಗಿದಾಗ ಬಂದ ಉತ್ತರ ‘ಎರಡನೇ ಡೋಸ್ ಬೇಕು’. ಅದಕ್ಕೆ ಬೇರೆ ದುಡ್ಡು. ಅದರ ಜೊತೆಗೆ ಬಂದ ಸಲಹೆಯೇ ಅವನನ್ನು ಸಾವಿನ ಹತ್ತಿರ ಒಯ್ದಿದ್ದು: ‘ಹೊರಗಿನ ಇನ್ಸುಲಿನ್ ಇದ್ದರೆ ಹೊಸ ಕೋಶಗಳು ಸೋಮಾರಿಯಾಗುತ್ತವೆ. ಬೇಸಲ್ ನಿಲ್ಲಿಸಿ, ಅವು ಎಚ್ಚೆತ್ತುಕೊಳ್ಳಲಿ.’

ಬೇಸಲ್, ಅಂದರೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ನಿಂತ ಮೇಲೆ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಲಕ್ಷಣ ಗುರುತಿಸಲು ಯಾರಿಗಾದರೂ ಬೇಕಾದೀತು. ಮೊದಲು ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ. ಮಾರನೆಯ ದಿನ ವಾಂತಿ, ಹೊಟ್ಟೆನೋವು. ಫೋನಿನಲ್ಲಿ ಕ್ಲಿನಿಕ್‌ನವರು ‘ಗ್ಯಾಸ್ಟ್ರಿಕ್ ಇರಬಹುದು’ ಅಂದರು. ಸಂಜೆಯ ಹೊತ್ತಿಗೆ ಉಸಿರಾಟ ಬೇರೆ ಥರ ಆಯಿತು. ಏದುಸಿರಲ್ಲ, ಆಳವಾಗಿ, ಒಂದೇ ಸಮನೆ ಎಳೆದೆಳೆದು ಬಿಡುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಮೂತ್ರದ ಕೀಟೋನ್ ಪಟ್ಟಿ ಅದ್ದಿದರೆ ನೋಡನೋಡುತ್ತಲೇ ಡಬ್ಬಿಯ ಮೇಲಿನ ಕೊನೆಯ ಚೌಕದ ಕಡುನೇರಳೆಗೆ ತಿರುಗಿತು. ಇದೇ ಡಯಾಬಿಟಿಕ್ ಕೀಟೋಅಸಿಡೋಸಿಸ್, ಡಿಕೆಎ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬು ಸುಡುತ್ತದೆ, ರಕ್ತ ಆಮ್ಲೀಯವಾಗುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೂ ಟೈಪ್ ಒನ್ ಬಂದವರು ಸಾಯುತ್ತಿದ್ದುದು ಹೆಚ್ಚಾಗಿ ಹೀಗೆಯೇ. ಶತಮಾನ ಕಳೆದ ಮೇಲೂ ದುಡ್ಡು ಇಸಿದುಕೊಂಡು ಒಬ್ಬನನ್ನು ಅಲ್ಲಿಗೇ ವಾಪಸ್ ಕಳಿಸುವವರಿದ್ದಾರೆ ಅನ್ನುವುದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಸ್ಪತ್ರೆಯವರು ಬದುಕಿಸಿದರು. ಆಮೇಲೆ ಕ್ಲಿನಿಕ್‌ನಿಂದ ಫೈಲ್ ತರಿಸಿ ನೋಡಿದರೆ ಬಂಡವಾಳ ಬಯಲಾಯಿತು. ಸಿ-ಪೆಪ್ಟೈಡ್ ಪರೀಕ್ಷೆ ಚಿಕಿತ್ಸೆಗೆ ಮುಂಚೆಯೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ದೇಹ ಸ್ವಂತ ಇನ್ಸುಲಿನ್ ತಯಾರಿಸುವಾಗ ಅದರ ಜೊತೆ ಸಮಸಮ ಹುಟ್ಟುವ ತುಣುಕು ಅದು. ಚುಚ್ಚುವ ಇನ್ಸುಲಿನ್‌ನಲ್ಲಿ ಇರುವುದಿಲ್ಲ. ಬೀಟಾ ಕೋಶ ಮರಳಿ ಬಂತೇ ಇಲ್ಲವೇ ಅಂತ ತಿಳಿಯಲು ಅದನ್ನು ಅಳೆಯಲೇಬೇಕು. ಅಳೆಯದವರು ತಿಳಿದುಕೊಳ್ಳುವ ಉದ್ದೇಶವನ್ನೇ ಇಟ್ಟುಕೊಂಡಿರಲಿಲ್ಲ. ಒಪ್ಪಿಗೆ ಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಫಲಿತಾಂಶದ ಖಾತರಿ ಇಲ್ಲ, ಇನ್ಸುಲಿನ್ ಬದಲಾವಣೆ ರೋಗಿಯ ಸ್ವಂತ ಹೊಣೆ’ ಅಂತಿತ್ತು. ಬೇಸಲ್ ನಿಲ್ಲಿಸಿ ಅಂದದ್ದು ಬಾಯಿಮಾತಿನಲ್ಲಿ.

ಟ್ರಯಲ್ ನೋಂದಣಿ ಸಂಖ್ಯೆ ತೋರಿಸಿದ್ದರಲ್ಲ ಅಂತ ಕೇಳುವವರಿಗೆ: ತೋರಿಸಿದ್ದರು, ಸಂಖ್ಯೆ ಸುಳ್ಳೂ ಆಗಿರಲಿಲ್ಲ. ಆದರೆ ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಂಥ ಪಟ್ಟಿಯಲ್ಲಿ ವಿವರ ತುಂಬುವವರು ಟ್ರಯಲ್ ನಡೆಸುವವರೇ. ಪಟ್ಟಿಯಲ್ಲಿ ಇರುವುದು ಅಂದರೆ ಸರ್ಕಾರ ಒಪ್ಪಿದೆ ಅಂತಲ್ಲ. ಆ ಪುಟದಲ್ಲಿ ನೋಡಬೇಕಾದದ್ದು ಬೇರೆ: ಹೋಲಿಕೆಗೆ ಇನ್ನೊಂದು ಗುಂಪು ಇದೆಯೇ, ಖರ್ಚು ಯಾರದ್ದು, ಏನನ್ನು ಅಳೆಯುತ್ತಾರೆ. ಪ್ರಯೋಗದಲ್ಲಿರುವ ಚಿಕಿತ್ಸೆಗೆ ರೋಗಿಯಿಂದಲೇ ಹಣ ಕೇಳುತ್ತಿದ್ದರೆ, ಅಂಥ ಕಡೆ ಕಾಲಿಡಬೇಡಿ ಅನ್ನುವುದು ನನ್ನ ಮಾತು.

ಹಾಗಂತ ಸಂಶೋಧನೆಯೇ ಸುಳ್ಳು ಅನ್ನಬೇಡಿ. ನನಗೆ ಅದರ ಬಗ್ಗೆಯೂ ಸಿಟ್ಟು ಬಂದಿತ್ತು, ಓದುತ್ತಾ ಹೋದಂತೆ ಇಳಿಯಿತು. ಟೆಪ್ಲಿಜುಮಾಬ್ ಅನ್ನುವ ಔಷಧವನ್ನು, ರೋಗ ಇನ್ನೂ ಪೂರ್ತಿ ಕಾಣಿಸಿಕೊಳ್ಳದ, ಅಪಾಯದ ಅಂಚಿನಲ್ಲಿದ್ದ 76 ಜನರಲ್ಲಿ ಪರೀಕ್ಷಿಸಿದರು. ಕೆಲವರಿಗೆ ಔಷಧ, ಉಳಿದವರಿಗೆ ಬರೀ ಹುಸಿ ಡ್ರಿಪ್. 2019ರಲ್ಲಿ ಬಂದ ಫಲಿತಾಂಶದಲ್ಲಿ ರೋಗ ಸುಮಾರು ಎರಡು ವರ್ಷ ಮುಂದಕ್ಕೆ ಹೋಗಿತ್ತು. ಗುಣ ಅಲ್ಲ, ಮುಂದೂಡಿಕೆ. ಅವರು ಹೇಳಿಕೊಂಡದ್ದೂ ಅಷ್ಟೇ. 2022ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆಕರ ಕೋಶದಿಂದಲೇ ಪ್ರಯೋಗಾಲಯದಲ್ಲಿ ಬೆಳೆಸಿದ ಇನ್ಸುಲಿನ್ ತಯಾರಿಸುವ ದ್ವೀಪಕೋಶಗಳ ಚಿಕಿತ್ಸೆ ಜಿಮಿಸ್ಲೆಸೆಲ್. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಿರಲಿಲ್ಲ ಅಂತ 2025ರಲ್ಲಿ ವರದಿಯಾಯಿತು. ಅದೇ ವರದಿಯಲ್ಲಿ ಅಧ್ಯಯನದ ವೇಳೆ ಇಬ್ಬರು ತೀರಿಕೊಂಡದ್ದೂ ಇದೆ, ಹೊಸ ಕೋಶಗಳನ್ನು ಉಳಿಸಿಕೊಳ್ಳಲು ನಿರೋಧಕ ಶಕ್ತಿ ತಗ್ಗಿಸುವ ಔಷಧ ಬೇಕೇಬೇಕು ಅನ್ನುವುದೂ ಇದೆ. ಸಾವನ್ನೂ ಅಚ್ಚು ಹಾಕುವ ಜಾಗ ಅದು. ನಮ್ಮ ಕ್ಲಿನಿಕ್‌ನ ಬ್ರೋಷರ್‌ನಲ್ಲಿ ಯಾರಿಗೂ ಒಂದು ತಲೆನೋವು ಸಹ ಬಂದಿರಲಿಲ್ಲ.

ಈಗಾಗಲೇ ಇಂಥ ಕಡೆ ಚಿಕಿತ್ಸೆ ಪಡೆದವರು ಇದನ್ನು ಓದುತ್ತಿದ್ದರೆ, ಅವರು ಏನೇ ಹೇಳಲಿ, ಬೇಸಲ್ ನಿಲ್ಲಿಸಬೇಡಿ. ಡೋಸ್ ಬದಲಿಸುವುದಿದ್ದರೆ ನಿಮ್ಮ ಎಂಡೋಕ್ರೈನಾಲಜಿಸ್ಟ್ ಹತ್ತಿರ ಮಾತಾಡಿಯೇ. ಸಿ-ಪೆಪ್ಟೈಡ್ ಬೇರೆ ಲ್ಯಾಬ್‌ನಲ್ಲಿ ಮಾಡಿಸಿ. ಫೋನಿನಲ್ಲಿ ಕೊಟ್ಟ ಪ್ರತಿ ಸಲಹೆಯನ್ನೂ ‘ನೀವು ಹೀಗೆ ಹೇಳಿದಿರಿ, ಸರಿಯೇ?’ ಅಂತ ಮೆಸೇಜ್ ಮಾಡಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ದೂರು ಕೊಡುವಾಗ ನಮಗೆ ಇಲ್ಲದೆ ಹೋದದ್ದು ಅದೊಂದೇ. ತಮ್ಮನ ಹೆಸರನ್ನು ಜಾಹೀರಾತಿನಿಂದ ತೆಗೆದಿದ್ದಾರೆ, ಗ್ರಾಫ್ ಇನ್ನೂ ಇದೆ. ನಿಮಗೂ ಅಂಥ ಗ್ರಾಫ್ ತೋರಿಸಿದರೆ, ಅದಾದ ಮೇಲಿನ ಎರಡು ವರ್ಷದ್ದನ್ನು ಕೇಳಿ.