ಹಳೇ ಅವೆಂಜರ್ 220: ಎಂಜಿನ್ ಆಮೇಲೆ, ಮೊದಲು ಕ್ರೋಮ್ ನೋಡಿ

ಸೆಕೆಂಡ್ ಹ್ಯಾಂಡ್ ಬಜಾಜ್ ಅವೆಂಜರ್ ಬೈಕ್ ನೋಡಲು ಹೋದವರೆಲ್ಲ ಮೊದಲು ಸ್ಟಾರ್ಟ್ ಮಾಡಿಸಿ ಎಂಜಿನ್ ಸದ್ದು ಕೇಳುತ್ತಾರೆ. ಅದು ಬೇಡ ಅಂತಲ್ಲ, ಆದರೆ ಆಮೇಲೆ ಕೇಳಿ. ಮೊದಲು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ರಾಡ್ ಮೇಲೆ ಉಗುರು ಆಡಿಸಿ. ಮೇಲಿಂದ ಕೆಳಗೆ, ನಿಧಾನಕ್ಕೆ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತುಕ್ಕು ಕ್ರೋಮನ್ನು ತಿಂದು ಗುಳಿ ಮಾಡಿದೆ ಅಂತ ಲೆಕ್ಕ. ಆ ಗುಳಿಯ ಅಂಚು ಹೊಸ ಆಯಿಲ್ ಸೀಲನ್ನೂ ಕೊಯ್ದು ಹಾಕುತ್ತದೆ. ಸೀಲ್ ಬದಲಿಸುತ್ತಾ ಇರಬೇಕು, ಫೋರ್ಕ್ ಆಯಿಲ್ ಬ್ರೇಕ್ ಡಿಸ್ಕ್ ಕಡೆ ಇಳಿಯುತ್ತಾ ಇರುತ್ತದೆ.

ನಾನು ಕೊಂಡದ್ದು 2012ರ ಅವೆಂಜರ್ 220. ಪುಣೆ ಪಕ್ಕದ ಚಿಂಚವಡದ ಒಬ್ಬರು ಪಾರ್ಕಿಂಗ್‌ನಲ್ಲಿ ಕವರ್ ಹಾಕಿ ಮರೆತಿದ್ದ ಗಾಡಿ. ನಮ್ಮದು ಅಲ್ಲೇ ಹತ್ತಿರದ ನಿಗಡಿ ಪ್ರಾಧಿಕರಣ ಬಡಾವಣೆಯಲ್ಲಿ ಚಿಕ್ಕ ರೋ ಹೌಸ್. ಕೆಳಗೆ ಕಾರು ನಿಲ್ಲುವ ಜಾಗ ಇದೆ, ಕಾರು ಇಲ್ಲ. ಅದೇ ನನ್ನ ಗ್ಯಾರೇಜು. ತಗ್ಗು ಸೀಟಿನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುವ ಈ ಕ್ರೂಸರ್ ಗಾಡಿ ಯಾಕೆ ಅಂದರೆ, ನನ್ನ ಎತ್ತರಕ್ಕೆ ಬೇರೆ ದೊಡ್ಡ ಗಾಡಿಯಲ್ಲಿ ಕಾಲು ನೆಲಕ್ಕೆ ಎಟಕುವುದಿಲ್ಲ. ಇದರಲ್ಲಿ ಎರಡೂ ಪಾದ ಪೂರ್ತಿ ಊರುತ್ತವೆ. "ಗಂಡಸರ ಗಾಡಿ" ಅಂತ ಹೇಳುವವರು ಒಮ್ಮೆ ಕೂತು ನೋಡಲಿ. ಕುಳ್ಳಗಿರುವವರಿಗೆ ಇದಕ್ಕಿಂತ ಧೈರ್ಯ ಕೊಡುವ ಸೀಟು ಸಿಗುವುದು ಕಷ್ಟ.

ಮನೆಯಲ್ಲೇ ರಿಪೇರಿ ಮಾಡುವವರಿಗೆ ಈ ಗಾಡಿಯ ವಂಶ ಗೊತ್ತಿದ್ದರೆ ಒಳ್ಳೆಯದು. 2001ರಲ್ಲಿ ಬಜಾಜ್‌ನವರು ಕವಾಸಾಕಿ ಎಲಿಮಿನೇಟರ್ ತಂದರು. 175 ಸಿಸಿ, ಜಪಾನಿನ ಎಂಜಿನ್, ಆ ಕಾಲಕ್ಕೆ ತುಂಬಾ ದುಬಾರಿ. 2005ರಲ್ಲಿ ಹೆಚ್ಚುಕಡಿಮೆ ಅದೇ ಮೈಗೆ ಪಲ್ಸರ್ 180ರ ಎಂಜಿನ್ ಕೂರಿಸಿ ಅವೆಂಜರ್ ಅಂತ ಹೆಸರಿಟ್ಟರು. ಆಮೇಲೆ 200 ಸಿಸಿ ಬಂತು, 2010ರಲ್ಲಿ 220. ಅಂದರೆ ನಾವು ಕ್ರೂಸರ್ ಅಂತ ಸಾಕುತ್ತಿರುವುದು ಪಲ್ಸರ್ ಮನೆತನದ ಎಂಜಿನ್ನನ್ನೇ. ಕ್ರೂಸರ್ ಭಕ್ತರಿಗೆ ಇದು ಅವಮಾನ ಅನ್ನಿಸಬಹುದು. ನನಗಂತೂ ಖುಷಿ. ಎಲಿಮಿನೇಟರ್ ಅಥವಾ ಯಮಹಾ ಎಂಟೈಸರ್ ತಂದುಕೊಂಡಿದ್ದರೆ ಒಂದೊಂದು ಸಾಮಾನಿಗೂ ಊರು ಸುತ್ತಬೇಕಿತ್ತು. ಇದಕ್ಕೆ ಪುಣೆಯಲ್ಲಿ ನಾನಾ ಪೇಠ್ ಇದೆ.

ನಾನಾ ಪೇಠ್ ಬಗ್ಗೆ ಎರಡು ಮಾತು. ಸ್ಪೇರ್ ಪಾರ್ಟ್ಸ್ ಅಂಗಡಿಗಳು ಸಾಲು ಸಾಲು. ಕೌಂಟರ್ ಮುಂದೆ ಮೆಕ್ಯಾನಿಕ್‌ಗಳು, ಒಳಗೆ ಅಟ್ಟದವರೆಗೆ ಡಬ್ಬಿಗಳು. ಮೊದಲ ಸಲ ಹೋದಾಗ ಕೌಂಟರ್‌ನವರು ನನ್ನ ತಲೆಯ ಮೇಲಿಂದ ಹಿಂದಿನವರನ್ನು ಮಾತಾಡಿಸಿದರು. "ಅವೆಂಜರ್ ಟೂ ಟ್ವೆಂಟಿ, ಕಾರ್ಬೊರೇಟರ್ ಡಯಾಫ್ರಂ, ಎರಡೂ ಪ್ಲಗ್" ಅಂದ ಮೇಲೆ ನನ್ನ ಕಡೆ ತಿರುಗಿದರು. ಅಲ್ಲಿ ಕೇಳುವ ರೀತಿ ಅಷ್ಟೇ: ಗಾಡಿ, ಮಾಡೆಲ್, ಸಾಮಾನು. ಕಥೆ ಬೇಡ. ಹಳೇ ಭಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಪಕ್ಕದಲ್ಲಿಟ್ಟು ಅಳೆದು ತನ್ನಿ. ಕಂಪನಿಯದೋ ಲೋಕಲ್ಲೋ ಅಂತ ಬಾಯಿಬಿಟ್ಟು ಕೇಳಿದರೆ ನಿಜ ಹೇಳುತ್ತಾರೆ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಕೇಬಲ್, ಲಿವರ್, ಫುಟ್‌ರೆಸ್ಟ್ ರಬ್ಬರ್ ಲೋಕಲ್ ಆದರೂ ನಡೆಯುತ್ತದೆ. ಸೀಲ್, ಬ್ರೇಕ್ ಪ್ಯಾಡ್, ಡಯಾಫ್ರಂ ಮಾತ್ರ ಕಂಪನಿಯದೇ ಇರಲಿ. ಬುಧವಾರ ಮತ್ತು ಭಾನುವಾರ ಸೇರುವ ಜೂನಾ ಬಜಾರ್‌ಗೂ ಹೋಗಿದ್ದೆ. ಹಳೇ ಪಾನಾ, ವೈಸ್ ಕೊಳ್ಳಲು ಚೆಂದ. ಗಾಡಿಯ ಭಾಗ ಅಲ್ಲಿ ಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಯಾರ ಗಾಡಿಯಿಂದ ಬಿಚ್ಚಿದ್ದೋ ಏನೋ.

ಎಂಜಿನ್ ನಿಜಕ್ಕೂ ತೊಂದರೆ ಕೊಡಲಿಲ್ಲ. ಸ್ಟಾರ್ಟ್ ಆಗುತ್ತಿತ್ತು, ಆಕ್ಸಲರೇಟರ್ ತಿರುವಿದರೆ ಮಾತ್ರ ಕೆಮ್ಮಿ ನಿಲ್ಲುತ್ತಿತ್ತು. ಈ ಗಾಡಿಯ ಕಾರ್ಬೊರೇಟರ್ ಒಳಗೆ ಸ್ಲೈಡನ್ನು ಮೇಲೆತ್ತಲು ತೆಳು ರಬ್ಬರಿನ ಡಯಾಫ್ರಂ ಇರುತ್ತದೆ. ಎಂಜಿನ್ ಗಾಳಿ ಎಳೆದಾಗ ಅದು ಮೇಲೇಳಬೇಕು, ಆಗ ಪೆಟ್ರೋಲ್ ದಾರಿ ತೆರೆಯುತ್ತದೆ. ಬಿಚ್ಚಿ, ಒರೆಸಿ, ಕತ್ತಲೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದೆ. ಮಡಿಕೆಯಲ್ಲಿ ಸೂಜಿಮೊನೆಯಷ್ಟು ಬೆಳಕು. ಅಷ್ಟೇ ಕಾಯಿಲೆ. ಆ ತೂತಿನಿಂದ ಗಾಳಿ ಸೋರಿ ಸ್ಲೈಡ್ ಏಳುತ್ತಿರಲಿಲ್ಲ. ಇದನ್ನು ನೋಡದೆ "ಬೋರ್ ಮಾಡಿಸಬೇಕು", ಅಂದರೆ ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಬೇಕು ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ, ಹುಷಾರು. ಇನ್ನೊಂದು, ಇದರಲ್ಲಿ ಪ್ಲಗ್ ಎರಡು. ಡಿಟಿಎಸ್-ಐ (ಡಿಜಿಟಲ್ ಟ್ವಿನ್ ಸ್ಪಾರ್ಕ್ ಇಗ್ನಿಷನ್) ಅನ್ನುವುದು ಅದಕ್ಕೇ. ಕೈಗೆ ಸಿಗುವ ಒಂದನ್ನು ಬದಲಿಸಿ ಇನ್ನೊಂದನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ನನ್ನ ಗಾಡಿಯ ಎರಡನೇ ಪ್ಲಗ್ ನೋಡಿದರೆ ಫ್ಯಾಕ್ಟರಿಯಿಂದ ಬಂದಾಗಿನದೇ ಇರಬೇಕು ಅನ್ನಿಸಿತು.

14 ಲೀಟರಿನ ಟ್ಯಾಂಕ್ ಒಳಗೆ ತುಕ್ಕು. ನಿಂಬೆ ಉಪ್ಪನ್ನು ಬಿಸಿನೀರಲ್ಲಿ ಕರಗಿಸಿ ತುಂಬಿ, ರಾತ್ರಿಯಿಡೀ ಬಿಟ್ಟು, ಒಳಗೆ ಹಿಡಿಯಷ್ಟು ನಟ್ಟು ಹಾಕಿ ಕುಲುಕಿದೆ. ಸದ್ದಿಗೆ ಪಕ್ಕದ ಮನೆಯ ಕಾಕಾ ಬಂದು ನಿಂತರು. ನಮ್ಮ ಅತ್ತೆ ಬಾಗಿಲಲ್ಲೇ, "ನನ್ನ ನಿಂಬೆ ಉಪ್ಪೆಲ್ಲಾ ಖಾಲಿ ಮಾಡಿದಿಯಲ್ಲ ಮಾರಾಯ್ತಿ" ಅಂದರು. ಕಾಫಿ ಬಣ್ಣದ ನೀರು ಹೊರಗೆ ಬಂತು. ಆಮೇಲೆ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ ಪೆಟ್ರೋಲ್ ಹಾಕಬೇಕು. ತಡ ಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಹಿಡಿಯುತ್ತದೆ. ಈಗ ಬಂಕ್‌ನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರಿಗೂ ಆಗಿಬರುವುದಿಲ್ಲ. ಹಾಗಾಗಿ ಪೈಪು, ಓ-ರಿಂಗ್ ಎಲ್ಲ ಹೊಸದು ಹಾಕಿದೆ. ಗಾಡಿ ನಿಂತೇ ಇರುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿ ಇಡಿ.

ಈಗ ಕ್ರೋಮ್. ಅವೆಂಜರ್ ಚೆಂದ ಕಾಣುವುದೇ ಇದರಿಂದ, ಜೇಬು ಖಾಲಿಯಾಗುವುದೂ ಇದರಿಂದಲೇ. ಹ್ಯಾಂಡಲ್, ಹೆಡ್‌ಲೈಟ್ ರಿಂಗ್, ಸೈಲೆನ್ಸರ್, ಹಿಂದಿನ ಬ್ಯಾಕ್‌ರೆಸ್ಟ್, ಸ್ಪೋಕ್ ಚಕ್ರಗಳ ರಿಮ್, ಎಲ್ಲವೂ ಹೊಳೆಯಬೇಕು. ಮೇಲ್ಮೇಲಿನ ತುಕ್ಕಾದರೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಫಾಯಿಲ್ ಕ್ರೋಮ್‌ಗಿಂತ ಮೆದು, ಗೀರು ಬೀಳುವುದಿಲ್ಲ. ಪಾತ್ರೆ ಉಜ್ಜುವ ತಂತಿ ಮಾತ್ರ ಮುಟ್ಟಿಸಬೇಡಿ. ಗುಳ್ಳೆ ಎದ್ದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಮತ್ತೆ ಪ್ಲೇಟಿಂಗ್, ಅಂದರೆ ಲೋಹದ ಹೊಸ ಲೇಪ ಮಾಡಿಸಬೇಕು.

ಪ್ಲೇಟಿಂಗ್‌ಗೆ ಭೋಸರಿಯ ಕೈಗಾರಿಕಾ ಪ್ರದೇಶಕ್ಕೆ (ಎಂಐಡಿಸಿ) ಹೋದೆ. ಅಲ್ಲಿನ ಒಂದು ಸಣ್ಣ ಶೆಡ್‌ನಲ್ಲಿ ಬಫಿಂಗ್ (ಉಜ್ಜಿ ಹೊಳಪು ಕೊಡುವ ಕೆಲಸ) ಮಾಡುವವರು ಇಂಡಿ ತಾಲ್ಲೂಕಿನವರು. ನಾನು ಫೋನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಮುಖದ ಬಟ್ಟೆ ಇಳಿಸಿದರು. "ಅಕ್ಕಾರ, ಹೊಳಪು ಕ್ರೋಮಿಂದಲ್ರಿ. ತಳ ಹೆಂಗ ಇರ್ತದ, ಮ್ಯಾಲ ಹಂಗ ಕಾಣ್ತದ" ಅಂದರು. ನಿಜ. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್ ಕೂಡ ದಪ್ಪ ಇರುವುದಿಲ್ಲ. ತುಕ್ಕು ತಡೆಯುವುದು ಅದರ ಕೆಳಗಿನ ನಿಕಲ್. ನಿಕಲ್ ತೆಳುವಾದರೆ ಒಂದೇ ಮಳೆಗಾಲಕ್ಕೆ ಚುಕ್ಕಿ ಚುಕ್ಕಿ ಏಳುತ್ತದೆ. ಅವರು ನನ್ನ ಹ್ಯಾಂಡಲನ್ನು ಹಳೇ ಪದರ ತೆಗೆದು, ಉಜ್ಜಿ, ತಾಮ್ರದ ಲೇಪ ಹಾಕುವ ತೊಟ್ಟಿಯಿಂದ ಎತ್ತಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಸಣ್ಣ ಗುಳಿಗಳು ತುಂಬುವುದು ಈ ತಾಮ್ರದಲ್ಲೇ. ಮತ್ತೆ ಬಫಿಂಗ್, ಆಮೇಲೆ ನಿಕಲ್, ಕೊನೆಗೆ ಕ್ರೋಮ್. "ತಾಮ್ರ ಹಾಕ್ತೀರಾ? ನಿಕಲ್ ಎಷ್ಟು ಹೊತ್ತು ಇಡ್ತೀರಾ?" ಅಂತ ಮೊದಲೇ ಕೇಳಿ. ಉತ್ತರ ಕೊಡದೆ ಬರೀ ಕಡಿಮೆ ರೇಟು ಹೇಳುವವರ ಹತ್ತಿರ ಸಾಮಾನು ಬಿಡಬೇಡಿ. ಇನ್ನೊಂದು ಶೆಡ್‌ನಲ್ಲಿ ಮಾಡಿಸಿದ ಬ್ಯಾಕ್‌ರೆಸ್ಟ್ ಈಗಲೇ ಬೆಸುಗೆ ಹತ್ತಿರ ಕಂದು ಬಣ್ಣ ತೋರಿಸುತ್ತಿದೆ, ಅದೂ ಬೇಸಿಗೆಯಲ್ಲಿ. ಫೋರ್ಕ್ ರಾಡ್‌ಗೆ ಈ ಅಲಂಕಾರದ ಕ್ರೋಮ್ ನಡೆಯುವುದಿಲ್ಲ. ಅದಕ್ಕೆ ದಪ್ಪ ಪದರದ ಹಾರ್ಡ್ ಕ್ರೋಮ್ ಹಾಕಿ, ಅಳತೆಗೆ ಗ್ರೈಂಡ್ ಮಾಡಬೇಕು. ಆ ಖರ್ಚಿಗಿಂತ ಹೊಸ ರಾಡ್ ಕೊಳ್ಳುವುದೇ ವಾಸಿ.

ಇದೇ ಕಾರಣಕ್ಕೆ ಕರಾವಳಿಯ ಗಾಡಿ ಬೇಡ ಅನ್ನುತ್ತೇನೆ. ಮುಂಬೈಯದ್ದು, ಗೋವಾದ್ದು ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ಉಪ್ಪು ಗಾಳಿ ಕ್ರೋಮನ್ನು ಒಳಗಿಂದ ತಿಂದಿರುತ್ತದೆ. ಗೋವಾದಲ್ಲಿ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಓಡಿದ ಗಾಡಿ. ದಾಖಲೆ ಬದಲಿಸುವ ತಲೆನೋವು ಬೇರೆ.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಮಾಲೀಕರು ಹಾಕಿಸಿದ ಎರಡನೇ ಹಾರ್ನ್, ನೀಲಿ ಎಲ್ಇಡಿ, ಎಲ್ಲ ಕಿತ್ತು ಹಾಕಿದ ಮೇಲೆ ಫ್ಯೂಸ್ ಹೋಗುವುದು ನಿಂತಿತು. ಇದಕ್ಕೆ ಡಬಲ್ ಸ್ಟ್ಯಾಂಡ್ ಇಲ್ಲ ಅನ್ನುವುದು ನೆನಪಿರಲಿ. ಮನೆಯಲ್ಲಿ ಕೆಲಸ ಮಾಡುವವರು ಹಿಂದಿನ ಚಕ್ರ ಎತ್ತುವ ಪ್ಯಾಡಕ್ ಸ್ಟ್ಯಾಂಡನ್ನು ಮೊದಲೇ ತಂದಿಟ್ಟುಕೊಳ್ಳಿ. ಇಟ್ಟಿಗೆ ಜೋಡಿಸುವ ಸಾಹಸ ಬೇಡ, ಗಾಡಿ ಒಂದೂವರೆ ಕ್ವಿಂಟಲ್‌ಗಿಂತ ಜಾಸ್ತಿ ತೂಗುತ್ತದೆ.

ಓಡಿಸಲು ಹೇಗಿದೆ? ಹಳೇ ಮುಂಬೈ–ಪುಣೆ ರಸ್ತೆಯಲ್ಲಿ ಲೋಣಾವಳದ ಕಡೆಗೆ ಬಿಟ್ಟರೆ ಸೊಗಸು. ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ಬಿಡುವುದಿಲ್ಲ, ಬಿಟ್ಟರೂ ನನಗೆ ಬೇಡ. 70–80ರ ವೇಗದಲ್ಲಿ ಕಾಲು ಮುಂದಕ್ಕೆ ಚಾಚಿ ಕೂತರೆ ಆಯಾಸವೇ ಗೊತ್ತಾಗುವುದಿಲ್ಲ. ಆದರೆ ಪಿಂಪ್ರಿಯ ಸಿಗ್ನಲ್ ಸಂದಿಯಲ್ಲಿ ಮುಂದಿನ ಚಕ್ರ ಎಲ್ಲೋ ದೂರ ಇರುವ ಹಾಗೆ ಅನ್ನಿಸುತ್ತದೆ, ಹ್ಯಾಂಡಲ್ ತಿರುವಲು ಜಾಗ ಬೇಕು. ಹಿಂದಿನ ಶಾಕ್ ಗಟ್ಟಿ. ಹಂಪ್ ಬಂದರೆ ಸೊಂಟ ಲೆಕ್ಕ ಕೇಳುತ್ತದೆ, ಕಾಲು ಮುಂದಿರುವುದರಿಂದ ಎದ್ದು ನಿಲ್ಲುವ ಹಾಗೂ ಇಲ್ಲ. ಸ್ಪೋಕ್ ಚಕ್ರ, ಒಳಗೆ ಟ್ಯೂಬು, ಆದ್ದರಿಂದ ಪಂಕ್ಚರ್ ಆದರೆ ತಳ್ಳುವುದೇ ಗತಿ. ಹಿಂದಿನ ಟೈರ್ 15 ಇಂಚಿನದು. ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಫೋನ್ ಮಾಡಿ ಹೋಗಿ.

ಕಾಗದಪತ್ರ. ನೋಂದಣಿ 15 ವರ್ಷಕ್ಕೆ. ಹಾಗಾಗಿ 2010–12ರ ಗಾಡಿ ಕೊಳ್ಳುವವರು ಆರ್‌ಸಿಯಲ್ಲಿ ಕೊನೆಯ ತಾರೀಕು ನೋಡಿಯೇ ಬೆಲೆ ಮಾತಾಡಿ. ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒಗೆ ತೋರಿಸಬೇಕು, ಪರಿಸರ ತೆರಿಗೆಯೂ ಇದೆ. ಹೆಸರು ಬದಲಿಸಲು ಫಾರ್ಮ್ 29, 30. ಹಳೇ ಸಾಲ ಆರ್‌ಸಿಯಲ್ಲಿ ಉಳಿದಿದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರ್ಮ್ 35 ಕೂಡ ಬೇಕು. ಅದನ್ನು ಮಾರುವವರೇ ತೀರಿಸಿಕೊಡಲಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಮಹಾರಾಷ್ಟ್ರದಲ್ಲಿ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಕಡ್ಡಾಯ, ದ್ವಿಚಕ್ರಕ್ಕೆ 450 ರೂಪಾಯಿ, ಜಿಎಸ್‌ಟಿ ಬೇರೆ.

ಲೆಕ್ಕ ಹಾಕಿದರೆ ಎಂಜಿನ್, ಬ್ರೇಕ್, ಟೈರ್ ಮೂರಕ್ಕೂ ಸೇರಿ ಆದ ಖರ್ಚಿಗಿಂತ ಕ್ರೋಮ್‌ಗೆ ಜಾಸ್ತಿ ಹೋಗಿದೆ. ಎಂಜಿನ್ ಕೆಟ್ಟಿದ್ದು ಕ್ರೋಮ್ ಚೆನ್ನಾಗಿರುವ ಅವೆಂಜರ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಎಂಜಿನ್ ಚೆನ್ನಾಗಿದ್ದು ಕ್ರೋಮ್ ಹೋಗಿದ್ದರೆ ಚೌಕಾಸಿ ಮಾಡಿ, ಇಲ್ಲವೇ 2015ರಲ್ಲಿ ಬಂದ ಸ್ಟ್ರೀಟ್ ಮಾಡೆಲ್ ಹುಡುಕಿ. ಅದರಲ್ಲಿ ಕ್ರೋಮ್ ಜಾಗಕ್ಕೆಲ್ಲ ಕಪ್ಪು ಬಣ್ಣ, ಅಲಾಯ್ ಚಕ್ರ. ನನಗೆ ಅದರ ರೂಪ ಅಷ್ಟಾಗಿ ಹಿಡಿಸದು, ಆದರೆ ಭೋಸರಿಗೆ ಓಡಾಡುವುದು ತಪ್ಪುತ್ತದೆ.